ಕೊನೇ ಮನೆಯ ನಲ್ಲಿ

ದಸರಾ ಆನೆಗಳ ಗಜಪಯಣ ಹೊರಡುವ ಊರೆಂದು ವೀರನಹೊಸಹಳ್ಳಿ ನಾಡಿಗೆಲ್ಲ ಗೊತ್ತು. ನಾನು ಹೇಳಹೊರಟಿರುವುದು ಆನೆಯ ಮಾತಲ್ಲ, ನಲ್ಲಿಯದು. ಈ ಸೀಮೆಯ ಹಳ್ಳಿಗಳಲ್ಲಿ ನೀರಗಂಟಿ ವಾಲ್ವ್ ತಿರುಗಿಸಿದಾಗ ಟ್ಯಾಂಕಿನ ಬುಡದ ಮನೆಯಲ್ಲಿ ಬಿಂದಿಗೆ ತುಂಬಿ ಚೆಲ್ಲುತ್ತದೆ, ಬೀದಿಯ ಕೊನೆಯ ನಲ್ಲಿ ಬರೀ ಉಸ್ಸೆನ್ನುತ್ತದೆ. ಟ್ಯಾಂಕು ಒಂದೇ, ನೆಲವೂ ಸಮ. ಮತ್ತೇಕೆ ಹೀಗೆ?

ನಮ್ಮ ಹಿರಿಯರಿಗೆ ನಾಲೆ ಚೆನ್ನಾಗಿ ಗೊತ್ತಿತ್ತು. ಹನಗೋಡಿನಲ್ಲಿ ಲಕ್ಷ್ಮಣತೀರ್ಥಕ್ಕೆ, ಚುಂಚನಕಟ್ಟೆಯಲ್ಲಿ ಕಾವೇರಿಗೆ ಅಣೆ ಕಟ್ಟಿ, ಇಳಿಜಾರು ಹಿಡಿದು ಗದ್ದೆಗೆ ನೀರು ಹಾಯಿಸಿದರು. ನಾಲೆಯ ನೀರು ಇಳಿಯಬಲ್ಲದೇ ಹೊರತು ಏರಲಾರದು. ಕೊಳವೆಯ ನೀರು ಏರುತ್ತದೆ, ತಡೆದರೆ ಕೊಳವೆಯನ್ನೇ ಒಡೆಯುತ್ತದೆ. ವಿಜಯಪುರದ ಆದಿಲಶಾಹಿ ಕೆಲಸಗಾರರು ಇದನ್ನು ಅನುಭವದಿಂದಲೇ ಅರಿತಿದ್ದರು. 1651ರ ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆ ಹೂಳಿ, ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರು ಅಲ್ಲಿ ಮೇಲೇರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳೂ ತಳ ಸೇರುತ್ತಿತ್ತು. ಅದೇ ದಶಕದಲ್ಲಿ ಫ್ರಾನ್ಸಿನ ಪಾಸ್ಕಲ್ ದ್ರವದ ಒತ್ತಡದ ಬಗ್ಗೆ ಬರೆದ. ಅದು ಅಚ್ಚಾದದ್ದು 1663ರಲ್ಲಿ, ಅವನು ಸತ್ತ ಮೇಲೆ.

ಪಾಸ್ಕಲ್ ನಿಂತ ನೀರಿನ ಲೆಕ್ಕ ಕೊಟ್ಟ: ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ ಒಂದು ವಾಯುಮಂಡಲದಷ್ಟು ಒತ್ತಡ. 1738ರಲ್ಲಿ ಗಣಿತಜ್ಞ ಬರ್ನೌಲಿ ಹರಿವ ನೀರಿನದು ಕೊಟ್ಟ: ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಎತ್ತರ ಕೊಡುವ ಈ ಒತ್ತಡದ ಬಲದಿಂದಲೇ 1902ರಲ್ಲಿ ಶಿವನಸಮುದ್ರದ ಉಕ್ಕಿನ ಕೊಳವೆಗಳಲ್ಲಿ ಸುಮಾರು 400 ಅಡಿ ಧುಮುಕಿದ ಕಾವೇರಿ, ಟರ್ಬೈನ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು.

ಆದರೆ ನಮ್ಮ ಬೀದಿಯ ಜಗಳ ಬಗೆಹರಿಸುವವರು ಪಾಸ್ಕಲ್, ಬರ್ನೌಲಿ ಇಬ್ಬರೂ ಅಲ್ಲ. ಎಲ್ಲರೂ ನಲ್ಲಿ ಮುಚ್ಚಿದರೆ ಮೊದಲ ಮನೆಗೂ ಕೊನೇ ಮನೆಗೂ ಒತ್ತಡ ಒಂದೇ, ಪಾಸ್ಕಲ್ ಸುಳ್ಳಾಡಿಲ್ಲ. ನೀರು ಹರಿಯತೊಡಗಿದ ಕೂಡಲೇ ಕೊಳವೆಯ ಗೋಡೆ ಸುಂಕ ವಸೂಲಿ ಮಾಡುತ್ತದೆ. ಘರ್ಷಣೆಯ ಈ ಸುಂಕದ ಲೆಕ್ಕ ಕೂಡಿಬಂದದ್ದು 19ನೇ ಶತಮಾನದಲ್ಲಿ. ಜರ್ಮನಿಯ ವೈಸ್‌ಬಾಕ್ ಸೂತ್ರ ಬರೆದ. ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದ ಎಂಜಿನಿಯರ್ ಡಾರ್ಸಿ, ಕೊಳವೆಯ ಒಳಮೈ ಒರಟಾದಷ್ಟೂ ಸುಂಕ ಜಾಸ್ತಿ ಎಂದು ಅಳೆದು ತೋರಿಸಿದ. 1883ರಲ್ಲಿ ವಿಜ್ಞಾನಿ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು, ನೆಟ್ಟಗೆ ಹೋಗುವ ನೀರು ಯಾವಾಗ ಗಿರಕಿ ಹೊಡೆದು ಸುಂಕ ಹೆಚ್ಚಿಸುತ್ತದೆಂದು ಕಂಡ. ಅಷ್ಟೇ ನೀರು ಹರಿಸಲು ಒಂದಿಂಚಿನ ಬದಲು ಅರ್ಧ ಇಂಚಿನ ಪೈಪ್ ಹಾಕಿದರೆ ನಷ್ಟ ಇಮ್ಮಡಿಯಲ್ಲ, ಸುಮಾರು 32 ಪಟ್ಟು! ಪೈಪಿನಲ್ಲಿ ನಾಲ್ಕು ಕಾಸು ಉಳಿಸಿದವರು ಕೇಳಿಸಿಕೊಳ್ಳಬೇಕಾದ ಅಂಕಿ ಇದು.

ತೋಟದ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ದೂರ ಚಿಮ್ಮುತ್ತದಲ್ಲ, ಅದೂ ಇದೇ ಲೆಕ್ಕ. ಹರಿವು ಕುಗ್ಗಿ, ಸುಂಕ ತಗ್ಗಿ, ಉಳಿದ ಒತ್ತಡ ಬೆರಳಿನ ಹಿಂದೆ ಬಂದು ನಿಲ್ಲುತ್ತದೆ. ಬರೀ ಬರ್ನೌಲಿ ಓದಿದ ಹುಡುಗ ಇಲ್ಲಿ ತಡವರಿಸುತ್ತಾನೆ. ಪಿಯುಸಿಯ ಬರ್ನೌಲಿ ಪಾಠದಲ್ಲಿ ಕೊಳವೆಗೆ ಘರ್ಷಣೆಯೇ ಇರುವುದಿಲ್ಲ.

2019ರಲ್ಲಿ ಶುರುವಾದ ಜಲಜೀವನ್ ಯೋಜನೆಯ ಗುರಿ ತಲೆಗೆ ದಿನಕ್ಕೆ 55 ಲೀಟರ್. ಅದು ಕೊನೇ ಮನೆಗೂ ಮುಟ್ಟುತ್ತಿದೆಯೇ ಎಂದು ನೋಡಲು ಮೇಷ್ಟ್ರುಗಳು ಮಕ್ಕಳಿಗೆ ಒಂದು ಬಕೆಟ್ಟು, ಒಂದು ಗಡಿಯಾರ ಕೊಟ್ಟು ಮೊದಲ ಮನೆಗೂ ಕೊನೇ ಮನೆಗೂ ಕಳಿಸಲಿ. ಬಕೆಟ್ಟು ಎಷ್ಟು ಹೊತ್ತಿಗೆ ತುಂಬಿತೆಂದು ಬರೆದುಕೊಂಡು ಬಂದು ಗ್ರಾಮಸಭೆಯಲ್ಲಿ ಓದಿ ಹೇಳಲಿ.