ಸರ್ವಜ್ಞನ ಅರಿವು ಮತ್ತು ಜೀವನ ಸ್ವಾತಂತ್ರ್ಯ

ಭಗವಂತನು ಸರ್ವಜ್ಞನಾದರೆ ನಾಳೆ ನಾನು ಮಾಡುವ ಪಾಪವೂ ಅವನಿಗೆ ಇಂದೇ ತಿಳಿದಿರಬೇಕು. ಅವನ ಅರಿವು ಸುಳ್ಳಾಗದು. ಹಾಗಾದರೆ ಆ ಪಾಪವನ್ನು ಬಿಡುವ ಸ್ವಾತಂತ್ರ್ಯ ನನಗೆಲ್ಲಿ? ತಾನು ಮುಂದೆ ಮಾಡುವುದೆಲ್ಲವೂ ಮೊದಲೇ ಗೊತ್ತಿರುವ ದೇವರಿಗಾದರೂ ಬೇರೆ ನಿರ್ಧಾರ ಕೈಗೊಳ್ಳುವ ಸ್ವಾತಂತ್ರ್ಯವುಂಟೆ? ಕ್ರೈಸ್ತ ಪಂಡಿತರನ್ನು ಶತಮಾನಗಳಿಂದ ಕಾಡಿದ ಈ ಪ್ರಶ್ನೆ ಜೈನರಿಗೂ ಹೊರತಾದುದಲ್ಲ.

6ನೆಯ ಶತಮಾನದ ಆದಿಯಲ್ಲಿ ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರು ನೋಡುತ್ತಿದ್ದ ರೋಮಿನ ಬೊಯೇಥಿಯಸನು, ದೇವರು ಕಾಲಾತೀತನು, ಭವಿಷ್ಯವನ್ನೂ ವರ್ತಮಾನದಂತೆಯೇ ಕಾಣುವನು ಎಂದು ಉತ್ತರಿಸಿದನು. ನಡೆಯುವವನನ್ನು ನಾವು ನೋಡಿದ ಮಾತ್ರಕ್ಕೆ ಅವನ ನಡಿಗೆಗೆ ನಾವು ಕಾರಣರಲ್ಲ. 1588ರಲ್ಲಿ ಯೇಸುಸಭೆಯ ಲೂಯಿಸ್ ದೆ ಮೊಲಿನಾ ಎಂಬ ಸ್ಪೇನಿನ ಪಂಡಿತನು, ಯಾವ ಸನ್ನಿವೇಶದಲ್ಲಿ ಯಾರು ಸ್ವೇಚ್ಛೆಯಿಂದ ಏನನ್ನು ಮಾಡುವರೆಂಬುದನ್ನು ಅರಿತೇ ದೇವರು ಲೋಕವನ್ನು ಸೃಷ್ಟಿಸಿದನೆಂದು ವಾದಿಸಿದನು. ಇದರಿಂದ ದೇವರ ಸಾರ್ವಭೌಮತ್ವಕ್ಕೆ ಕುಂದು ಬರುವುದೆಂದು ಡೊಮಿನಿಕನ್ ಪಂಥದ ಬಾನ್ಯೆಸನು ಖಂಡಿಸಿದನು. ವರ್ಷಗಟ್ಟಲೆ ವಿಚಾರಣೆ ನಡೆದು, 1607ರಲ್ಲಿ ಪೋಪ್ ಐದನೆಯ ಪಾಲನು ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಧರ್ಮದ್ರೋಹಿಗಳೆಂದು ದೂಷಿಸಬಾರದೆಂದು ಮಾತ್ರ ವಿಧಿಸಿದನು. 17ನೆಯ ಶತಮಾನದ ಮಧ್ಯಭಾಗದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ದೊ ಚಿನ್ನಾಮಿ ಇದೇ ಯೇಸುಸಭೆಯವನು. 1994ರಲ್ಲಿಯೂ ಐವರು ವಿದ್ವಾಂಸರು ಗ್ರಂಥವೊಂದನ್ನು ಪ್ರಕಟಿಸಿ, ಸ್ವತಂತ್ರ ಜೀವಿಗಳ ಭವಿಷ್ಯ ಇನ್ನೂ ತೆರೆದೇ ಇದೆಯೆಂದರು. ವಾದ ಮತ್ತೆ ಎದ್ದಿತು.

ಸೃಷ್ಟಿಕರ್ತನನ್ನು ಒಪ್ಪದ ನಮಗೆ ದೇವರೇ ಪಾಪದ ಹೊಣೆಗಾರನೆಂಬ ತೊಡಕಿಲ್ಲ. ಆದರೆ ಕೇವಲಜ್ಞಾನವು ಎಲ್ಲ ದ್ರವ್ಯಗಳ ಎಲ್ಲ ಪರ್ಯಾಯಗಳನ್ನು ಅರಿಯುತ್ತದೆಂಬುದು ತತ್ತ್ವಾರ್ಥಸೂತ್ರದ ಮತ. ಆದುದರಿಂದಲೇ 20ನೆಯ ಶತಮಾನದಲ್ಲಿ ಸೋನ್‌ಗಢದ ಕಾನಜಿ ಸ್ವಾಮಿಯವರು ಕ್ರಮಬದ್ಧ ಪರ್ಯಾಯವನ್ನು ಪ್ರತಿಪಾದಿಸಿದಾಗ, ಇದು ನಿಯತಿವಾದವೆಂದು ಹಲವರು ಆಕ್ಷೇಪಿಸಿದರು. ಪುರುಷಾರ್ಥವೂ ಆ ಕ್ರಮದಲ್ಲಿಯೇ ಅಡಗಿದೆಯೆಂಬುದು ಪ್ರತಿಪಾದಕರ ಸಮಾಧಾನ.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಸದ್ದಾಲಪುತ್ತನೆಂಬ ಕುಂಬಾರನ ಕಥೆಯಿದೆ. ಅವನು ಆಜೀವಕ ಮತದವನು. ಈ ಮಡಕೆಗಳು ಪ್ರಯತ್ನದಿಂದಾದುವೇ ಎಂದು ಮಹಾವೀರ ಸ್ವಾಮಿಯು ಕೇಳಲು, ಇಲ್ಲ, ಸಕಲವೂ ನಿಯತವೆಂದನು. ಅವನ್ನು ಯಾರಾದರೂ ಕದ್ದರೆ, ಒಡೆದರೆ? ಅವನನ್ನು ದಂಡಿಸುವೆನೆಂದನು. ಎಲ್ಲವೂ ನಿಯತವಾದರೆ ಕಳ್ಳನ ತಪ್ಪೇನು? ಕುಂಬಾರನು ನಿರುತ್ತರನಾಗಿ ಶ್ರಾವಕವ್ರತಗಳನ್ನು ಸ್ವೀಕರಿಸಿದನು.

ವ್ಯಾಪಾರಿಗಳಾದ ನಾವು ಈ ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳಬೇಕು. ಲಾಭವಾದರೆ ನನ್ನ ಜಾಣ್ಮೆ, ತೂಕದಲ್ಲಿ ಮೋಸವಾದರೆ ಕರ್ಮದ ಉದಯ ಎನ್ನುವುದು ಧರ್ಮವಲ್ಲ. ಬಸದಿಯ ಹಣದ ಲೆಕ್ಕ ತಪ್ಪಿದಾಗ ಆಗುವುದೇ ಆಯಿತೆಂದರೆ ಟ್ರಸ್ಟಿಗೆ ಹೊಣೆಯೇ ಉಳಿಯದು. ಕೇವಲಿಯು ಏನನ್ನು ಕಂಡಿರುವನೆಂಬುದು ನಮಗೆ ಅಗೋಚರ. ಕೈಯಲ್ಲಿರುವ ತಕ್ಕಡಿ ಗೋಚರ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದಲ್ಲಿ ನಿಂತಿರುವ ಬಾಹುಬಲಿಯೂ ಸ್ವಂತ ತಪಸ್ಸಿನಿಂದಲೇ ಕೇವಲಜ್ಞಾನವನ್ನು ಪಡೆದವನೆಂಬುದನ್ನು ಶ್ರಾವಕರು ಮರೆಯಲಾಗದು.