ಗದ್ದೆಯ ಮೀನಿನ ಹೆಸರು

ಕನ್ನಡನಾಡಿನ ಚರಿತ್ರೆಯನ್ನು ಓದಿದವರಿಗೆ ಫ್ರಾನ್ಸಿಸ್ ಬುಕಾನನ್ನನ ಹೆಸರು ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಗೆದ್ದ ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ಅರಿತು ಬರಲು ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ ಸ್ಕಾಟ್ಲೆಂಡಿನ ವೈದ್ಯ ಆತ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬರೆದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನಾನು ಅವನ್ನು ತಿರುವಿಹಾಕುತ್ತಿದ್ದುದು ಇತಿಹಾಸಕ್ಕಿಂತ ಹೆಚ್ಚಾಗಿ ಮಾತಿನ ಆಸೆಯಿಂದ. ನಮ್ಮ ರೈತರು ಭತ್ತದ ತಳಿಗಳಿಗೆ ಇಟ್ಟಿದ್ದ ಹೆಸರುಗಳನ್ನು ಆತ ಕಿವಿಗೆ ಬಿದ್ದಂತೆ ಗುರುತುಹಾಕಿಕೊಂಡಿದ್ದಾನೆ. ಕಾಗುಣಿತ ವಿಚಿತ್ರ, ಗಟ್ಟಿಯಾಗಿ ಓದಿದರಷ್ಟೇ ಕನ್ನಡ ಕೇಳಿಸುತ್ತದೆ.

ಆ ಕಿವಿ ಮುಂದೆ ಬಂಗಾಳದಲ್ಲಿ ಇನ್ನೂ ದೊಡ್ಡ ಕೆಲಸ ಮಾಡಿತು. 1807ರಿಂದ 1814ರವರೆಗೆ ಅಲ್ಲಿನ ಜಿಲ್ಲೆಗಳ ಸಮೀಕ್ಷೆ ನಡೆಸಿದ ಬುಕಾನನ್, ನದಿಗಳ ಮೀನುಗಳನ್ನೂ ಬಿಡಲಿಲ್ಲ. ಗಂಗೆ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತ ಆತನ ಗ್ರಂಥ 1822ರಲ್ಲಿ ಎಡಿನ್‌ಬರೋದಲ್ಲಿ ಹೊರಬಂತು. ಇನ್ನೂರಕ್ಕೂ ಮಿಕ್ಕ ಜಾತಿಗಳ ವರ್ಣನೆ ಅದರಲ್ಲಿದೆ. ಹೊಸ ಜೀವಿಗೆ ಗ್ರೀಕ್ ಇಲ್ಲವೆ ಲ್ಯಾಟಿನ್ ಪದವನ್ನು ಹುಡುಕುವುದು ಪಂಡಿತರ ವಾಡಿಕೆ. ಈತನೋ ಬೆಸ್ತರ ಬಾಯಲ್ಲಿದ್ದುದನ್ನೇ ಎಷ್ಟೋ ಕಡೆ ಉಳಿಸಿಕೊಂಡ. ರೋಹಿತ, ಕಾಟ್ಲ, ಮೃಗಲ, ಇಲಿಶ ಎಂಬ ಹೆಸರುಗಳು ಹಾಗೆ ಶಾಸ್ತ್ರದೊಳಗೆ ಬಂದವು. ಬಲೆ ಬೀಸಿದವರು ಮಾತ್ರ ಹೊರಗೇ ಉಳಿದರು.

ಅದೇ ಗ್ರಂಥದಲ್ಲಿ ಕೋಸಿ ನದಿಯ ಒಂದು ಕಿರುಮೀನಿದೆ. ಕಿರುಬೆರಳಿನಷ್ಟು ಉದ್ದವೂ ಇಲ್ಲ. ಪಕ್ಕೆಯ ಮೇಲೆ ಬಾಲದವರೆಗೂ ಹರಿದ ನೀಲಿ ಪಟ್ಟೆಗಳು. ಸೆಳವಿಲ್ಲದ ತೊರೆಗಳಲ್ಲಿ, ಹೊಂಡಗಳಲ್ಲಿ, ಭತ್ತದ ಗದ್ದೆಯ ಅಂಚಿನ ನೀರಿನಲ್ಲಿ ಹಿಂಡುಹಿಂಡಾಗಿ ಆಡುವ ಮೀನು ಇದು. ಬುಕಾನನ್ ಇದನ್ನು ‘ರೇರಿಯೋ’ ಎಂದು ಕರೆದು ‘ದಾನಿಯೋ’ ಎಂಬ ಗುಂಪಿನಲ್ಲಿ ಇಟ್ಟ. ದಾನಿಯೋ ಎಂಬುದು ಬಂಗಾಳಿಯ ‘ಧಾನಿ’ಯಿಂದ ಬಂದದ್ದು, ಧಾನ್ ಎಂದರೆ ಭತ್ತ. ನಮ್ಮ ‘ಧಾನ್ಯ’ವೂ ಆ ಮನೆತನದ್ದೇ ಎಂದು ಬೇರೆ ಹೇಳಬೇಕಿಲ್ಲ.

ಒಂದೂವರೆ ಶತಮಾನದ ಬಳಿಕ ಈ ಗದ್ದೆಯ ಮೀನಿಗೆ ಅನಿರೀಕ್ಷಿತವಾದ ಪ್ರತಿಷ್ಠೆ ದೊರೆಯಿತು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಜಾರ್ಜ್ ಸ್ಟ್ರೈಸಿಂಗರ್, ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಅನುವಂಶಿಕತೆಯ ಅಧ್ಯಯನಕ್ಕೆ ಇದನ್ನೇ ಆರಿಸಿಕೊಂಡು 1981ರಲ್ಲಿ ತನ್ನ ಹೆಸರಾಂತ ಪ್ರಬಂಧವನ್ನು ಪ್ರಕಟಿಸಿದ. ಇದರ ಮೊಟ್ಟೆ ತಾಯಿಯ ಒಡಲ ಹೊರಗೆ ಬೆಳೆಯುತ್ತದೆ. ಭ್ರೂಣವು ಗಾಜಿನಂತೆ ಪಾರದರ್ಶಕ. ಹೃದಯ ಮೊದಲು ಮಿಡಿಯುವುದನ್ನು ಸೂಕ್ಷ್ಮದರ್ಶಕದಡಿ ನೇರವಾಗಿ ನೋಡಬಹುದು. ಹೃದಯದ ಒಂದು ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಇದು ಮತ್ತೆ ಬೆಳೆಸಿಕೊಳ್ಳುತ್ತದೆಂದು 2002ರಲ್ಲಿ ತಿಳಿದುಬಂತು. ಮಾನವನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಮೀನಿನಲ್ಲಿ ಜೋಡಿಯುಂಟೆಂದು 2013ರ ಸಂಶೋಧನೆ ತೋರಿಸಿತು. ಲೋಕದ ಪ್ರಯೋಗಾಲಯಗಳ ತೊಟ್ಟಿಗಳ ಮೇಲೆ ಇಂದು ಆ ಬಂಗಾಳಿ ಭತ್ತದ ಹೆಸರೇ ಇದೆ.

ಬುಕಾನನ್ನನ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. 1815ರಲ್ಲಿ ಊರಿಗೆ ಹೊರಟಾಗ, ತಾನು ನಿಂತು ಬರೆಸಿದ್ದ ಚಿತ್ರಗಳ ಸಂಗ್ರಹವನ್ನು ಕಲ್ಕತ್ತೆಯಲ್ಲಿಯೇ ಬಿಟ್ಟುಹೋಗಬೇಕಾಯಿತು. ಬರೆದ ದೇಶೀ ಕಲಾವಿದರ ಪಾಲಿಗಂತೂ ಆ ಮಟ್ಟಿನ ಕೀರ್ತಿಯೂ ಇಲ್ಲ. ಅಲ್ಲುಳಿದ ಮೀನಿನ ಚಿತ್ರಗಳನ್ನು 1929ರಲ್ಲಿ ಬೆಳಕಿಗೆ ತಂದವರು ಸುಂದರಲಾಲ್ ಹೋರಾ. ಅವರ ಆಸಕ್ತಿ ಎಷ್ಟು ವಿಶಾಲವಾದದ್ದೆಂದರೆ, ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣವನ್ನೂ ಅವರು 1951ರಲ್ಲಿ ವಿವೇಚಿಸಿದರು. ಅಲ್ಲಿಯೂ ಸಂಸ್ಕೃತ ಶ್ಲೋಕಗಳ ನಡುವೆ ಮೀನುಗಳ ದೇಶೀ ಹೆಸರುಗಳು ಇಣುಕುತ್ತವೆ.