ಎದೆಬಡಿತ, ಉಸಿರು, ಭಯ: ಆತಂಕದ ಚಿಕಿತ್ಸೆ ಬೆಳೆದುಬಂದ ದಾರಿ

ಮುಂದೇನು ಕಾದಿದೆಯೋ ಎಂಬ ಭಯವು ಕಾರಣವಿಲ್ಲದೆ, ಅಥವಾ ಕಾರಣವನ್ನು ಮೀರಿದ ಪ್ರಮಾಣದಲ್ಲಿ, ಬಿಡದೆ ಕಾಡುವ ಸ್ಥಿತಿಯನ್ನು ವೈದ್ಯಶಾಸ್ತ್ರವು ಆತಂಕದ ಕಾಯಿಲೆ ಎಂದು ಗುರುತಿಸುತ್ತದೆ. ಆದರೂ ಅದರಿಂದ ನರಳುವವರಲ್ಲಿ ಅನೇಕರು ವೈದ್ಯರೆದುರು ಮೊದಲು ಹೇಳಿಕೊಳ್ಳುವುದು ಎದೆ ಡವಡವ ಹೊಡೆದುಕೊಳ್ಳುವುದನ್ನು, ಉಸಿರು ಸಾಲದಂತಾಗುವುದನ್ನು, ಕೈಕಾಲು ನಡುಗುವುದನ್ನು. ಈ ಕಾಯಿಲೆಯ ಆಧುನಿಕ ಅಧ್ಯಯನದ ಒಂದು ಮುಖ್ಯ ಧಾರೆ ಸೈನಿಕರ ಎದೆಗೆ ಕಿವಿಗೊಟ್ಟ ದಂಡಿನ ವೈದ್ಯರಿಂದ ಹೊರಟಿತೆಂಬುದು ಈ ಕಾರಣದಿಂದ ಸಹಜವೇ ಆಗಿದೆ, ಮತ್ತು ಆ ಧಾರೆಯ ಒಂದು ಎಳೆ ಹೈದರಾಬಾದನ್ನು ಹಾದುಹೋಗುತ್ತದೆ.

ನಿಜಾಮ ಸಿಕಂದರ್ ಜಾನ ಹೆಸರನ್ನು ಹೊತ್ತು 1806ರಲ್ಲಿ ಸಿಕಂದರಾಬಾದಿನ ದಂಡು ನೆಲೆಗೊಂಡ ನಾಲ್ಕು ದಶಕಗಳ ಬಳಿಕ, 1846ರಲ್ಲಿ, ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ವೈದ್ಯಕೀಯ ಶಾಲೆಯೊಂದು ತೆರೆಯಿತು. ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆದ ಆ ಶಾಲೆಯನ್ನು ಕಟ್ಟಿದವನು ರೆಸಿಡೆನ್ಸಿಯ ಸರ್ಜನ್ ವಿಲಿಯಂ ಕ್ಯಾಂಪ್‌ಬೆಲ್ ಮ್ಯಾಕ್ಲೀನ್. ಇಂಗ್ಲೆಂಡಿಗೆ ಮರಳಿ ನೆಟ್ಲಿಯ ಸೈನಿಕ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕನಾದ ಈತ 1867ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ, ಬ್ರಿಟಿಷ್ ಸೈನಿಕರ ಹೃದಯದ ತೊಂದರೆಗಳಿಗೆ ಎದೆಯನ್ನು ಬಿಗಿಯುವ ಬೆನ್ನುಚೀಲದ ಪಟ್ಟಿ ಹಾಗೂ ಸಮವಸ್ತ್ರಗಳೇ ಕಾರಣವೆಂದು ವಾದಿಸಿದನು. ವಿವರಣೆಯು ಸಾಲದಾಗಿದ್ದರೂ ಗಮನವು ಸರಿಯಾದ ಸ್ಥಳಕ್ಕೆ ಬಿದ್ದಿತ್ತು, ಏಕೆಂದರೆ ಪಟ್ಟಿಗಳನ್ನು ಸಡಿಲಿಸುವ ಚಿಂತನೆಯು ದೇಹವನ್ನು ಬಿಗಿತದಿಂದ ಬಿಡಿಸುವ ಚಿಂತನೆಯೂ ಹೌದು.

ನಾಲ್ಕು ವರ್ಷಗಳ ತರುವಾಯ, 1871ರಲ್ಲಿ, ಅಮೆರಿಕದ ಅಂತರ್ಯುದ್ಧದ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿದ ಜೇಕಬ್ ಡ ಕೋಸ್ಟಾ, ಎದೆಬಡಿತ, ಎದೆನೋವು, ಏದುಸಿರು, ಬಳಲಿಕೆಗಳ ಈ ಕೂಟವನ್ನು ‘ಕೆರಳುವ ಹೃದಯ’ ಎಂದು ಕರೆದು ವಿಶ್ರಾಂತಿಯನ್ನೂ ಹೃದಯದ ಔಷಧವನ್ನೂ ಕೊಟ್ಟನು. ಮೊದಲ ಮಹಾಯುದ್ಧದಲ್ಲಿ ಥಾಮಸ್ ಲೂಯಿಸ್ ಈ ಪದ್ಧತಿಯನ್ನು ತಲೆಕೆಳಗಾಗಿಸಿದನು: ಹೃದಯದಲ್ಲಿ ದೋಷ ಕಾಣದ ಸೈನಿಕರನ್ನು ಹಾಸಿಗೆಯಿಂದ ಎಬ್ಬಿಸಿ, ಹಂತಹಂತವಾಗಿ ಹೆಚ್ಚುವ ಕವಾಯತಿಗೆ ತೊಡಗಿಸಿದನು. 1941ರಲ್ಲಿ ಪಾಲ್ ವುಡ್ ಇವು ಹೃದಯದ ಲಕ್ಷಣಗಳೇ ಅಲ್ಲ, ಭಯದವು ಎಂದು ಪ್ರತಿಪಾದಿಸಿದನು. ಕಾಯಿಲೆಯ ಮೂಲ ಮನಸ್ಸಿನಲ್ಲಿದೆಯೆಂದು ತಿಳಿಯುವ ಮೊದಲೇ ಅದಕ್ಕೆ ದೇಹದ ಮೂಲಕ ಚಿಕಿತ್ಸೆ ಆರಂಭವಾಗಿತ್ತೆಂಬುದನ್ನು ಈ ಕ್ಷೇತ್ರದ ಇತಿಹಾಸಗಳು ಸಾಕಷ್ಟು ಒತ್ತಿ ಹೇಳಿಲ್ಲ.

ಇತ್ತ 1895ರಲ್ಲಿ ಆತಂಕವನ್ನು ನರದೌರ್ಬಲ್ಯದಿಂದ ಬೇರ್ಪಡಿಸಿ ಪ್ರತ್ಯೇಕ ಕಾಯಿಲೆಯಾಗಿ ವಿಂಗಡಿಸಿದ ಫ್ರಾಯ್ಡ್, ಲಕ್ಷಣಗಳ ಪಟ್ಟಿಯಲ್ಲಿ ದೇಹಕ್ಕೆ ಧಾರಾಳವಾಗಿ ಜಾಗ ಕೊಟ್ಟನಾದರೂ, ಅವನಿಂದ ಬೆಳೆದ ಚಿಕಿತ್ಸೆಯು ದೇಹವನ್ನು ಮಂಚದ ಮೇಲೆ ಮಲಗಿಸಿ ಮರೆಯಿತು. ಅದನ್ನು ಮರಳಿ ತಂದವನು ಎಡ್ಮಂಡ್ ಜೇಕಬ್‌ಸನ್. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ, ಆ ಮೂಲಕ ಬಿಗಿತದ ಅರಿವನ್ನೇ ಕಲಿಸುವ ಅವನ ಪದ್ಧತಿ 1929ರಲ್ಲಿ ಗ್ರಂಥರೂಪದಲ್ಲಿ ಬಂದಿತು. ಜೋಸೆಫ್ ವೋಲ್ಪೆ 1958ರ ತನ್ನ ಗ್ರಂಥದಲ್ಲಿ ಇದನ್ನು ಮನಸ್ಸಿನ ಚಿಕಿತ್ಸೆಗೆ ಜೋಡಿಸಿದನು: ಸಡಿಲಗೊಂಡ ದೇಹದಲ್ಲಿ ಭಯವು ಪೂರ್ಣವಾಗಿ ನೆಲೆಯೂರಲಾರದೆಂಬ ನಂಬಿಕೆಯಿಂದ, ರೋಗಿಯನ್ನು ಮೊದಲು ಸಡಿಲಿಸಿ, ಬಳಿಕ ಭಯದ ವಸ್ತುಗಳನ್ನು ಅತ್ಯಲ್ಪವಾದುದರಿಂದ ಆರಂಭಿಸಿ ಕಲ್ಪಿಸಿಕೊಳ್ಳುವಂತೆ ಮಾಡಿದನು.

ಭಾರತದಲ್ಲಿ ಪ್ರಶ್ನೆಯು ಬೇರೊಂದು ರೂಪ ತಳೆಯಿತು. ಹೃದಯ, ಜಠರ, ಬೆವರುಗ್ರಂಥಿಗಳನ್ನು ನಮ್ಮ ಇಚ್ಛೆಗೆ ಕಾಯದೆ ನಡೆಸುವ ಸ್ವಾಯತ್ತ ನರವ್ಯೂಹವೇ ಗಾಬರಿಯ ವೇಳೆ ದೇಹದಲ್ಲಿ ಕೋಲಾಹಲ ಎಬ್ಬಿಸುವುದರಿಂದ, ಅದನ್ನು ಇಚ್ಛಾನುಸಾರ ಹತೋಟಿಗೆ ತರಲು ಸಾಧ್ಯವೇ ಎಂಬುದನ್ನು ಯೋಗಿಗಳ ಮೇಲೆ ಪರೀಕ್ಷಿಸಲಾಯಿತು. ಫ್ರೆಂಚ್ ಹೃದ್ರೋಗ ತಜ್ಞೆ ಥೆರೆಸ್ ಬ್ರಾಸ್ 1935ರಲ್ಲಿ ಭಾರತಕ್ಕೆ ಬಂದು, ಯೋಗಿಗಳ ಹೃದಯದ ವಿದ್ಯುತ್ ದಾಖಲೆಗಳನ್ನು ತೆಗೆದಳು. 1957ರಲ್ಲಿ ಸಂಶೋಧಕರಾದ ವೆಂಗರ್ ಮತ್ತು ಬಾಗ್ಚಿ ಮತ್ತೆ ಈ ಜಾಡು ಹಿಡಿದರು, ದೆಹಲಿಯ ಬಿ. ಕೆ. ಆನಂದ್ ಅವರೊಡನೆ 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಕಂಡುಕೊಂಡ ಸಂಗತಿಯು, ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂದು ನಂಬಿದ್ದ ಯೋಗಾಭಿಮಾನಿಗಳಿಗೆ ನಿರಾಸೆ ತಂದಿರಬಹುದು. ಪರೀಕ್ಷೆಗೆ ಒಳಗಾದವರಲ್ಲಿ, ಹಿಂದೆ ಮೈಸೂರು ಅರಮನೆಯ ಯೋಗಶಾಲೆಯನ್ನು ನಡೆಸಿದ್ದ ತಿರುಮಲೈ ಕೃಷ್ಣಮಾಚಾರ್ಯರೂ ಇದ್ದರು. ನಾಡಿ ಸಿಗದೆ, ಎದೆಯ ಸದ್ದು ಕೇಳದೆ ಹೋದಾಗಲೂ ಹೃದಯದ ವಿದ್ಯುತ್ ಅಲೆಗಳು ನಿಂತಿರಲಿಲ್ಲ. ಉಸಿರನ್ನು ಬಂಧಿಸಿ ಎದೆ, ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಅಡಗುತ್ತಿತ್ತು. ನಿರಾಸೆಯ ಬದಲು ಇದನ್ನು ಬೆಲೆಬಾಳುವ ಫಲಿತಾಂಶವೆಂದೇ ಎಣಿಸಬೇಕು, ಏಕೆಂದರೆ ಹೃದಯಕ್ಕೆ ನೇರ ಆಜ್ಞೆ ಸಲ್ಲದಿದ್ದರೂ ಉಸಿರು ಮತ್ತು ಸ್ನಾಯುಗಳೆಂಬ, ಇಚ್ಛೆಗೆ ಒಳಪಡುವ ಎರಡು ದಾರಿಗಳಿಂದ ಅದನ್ನು ಮುಟ್ಟಬಹುದೆಂದು ಅದು ತೋರಿಸಿಕೊಟ್ಟಿತು.

ಈ ತಿಳಿವಳಿಕೆ ಆಸ್ಪತ್ರೆಗಳನ್ನು ಸೇರಿದ್ದು ಬಳಸುದಾರಿಯಲ್ಲಿ. ಕರಾವಳಿ ಮೂಲದ ಶಸ್ತ್ರವೈದ್ಯ ಕೆ. ಎನ್. ಉಡುಪರು ಕಾಶಿಯಲ್ಲಿ 1970ರ ದಶಕದಲ್ಲಿ ಒತ್ತಡದ ರಾಸಾಯನಿಕಗಳ ಮೇಲೆ ಯೋಗದ ಪರಿಣಾಮವನ್ನು ಅಳೆದರು. ಸಿಕಂದರಾಬಾದಿನ ವೇಮನ ಯೋಗ ಸಂಶೋಧನಾ ಸಂಸ್ಥೆಯು ಆಸ್ತಮಾ, ಸಕ್ಕರೆ ಕಾಯಿಲೆಗಳನ್ನು ಎತ್ತಿಕೊಂಡಿತು. 1985ರಲ್ಲಿ ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್. ಆರ್. ನಾಗೇಂದ್ರ, ಯೋಗ ಕಲಿತ 53 ಆಸ್ತಮಾ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆತಂಕಕ್ಕೆ ಬದಲಾಗಿ ಉಸಿರಾಟದ ಹರಿವು ಮತ್ತು ರಕ್ತದ ಸಕ್ಕರೆಗೆ ಆದ್ಯತೆ ಸಿಕ್ಕಿದ್ದು ಅವು ಅಂಕೆಗಳಲ್ಲಿ ಹಿಡಿಯಲು ಸಿಗುತ್ತಿದ್ದವೆಂಬ ಕಾರಣಕ್ಕಿರಬೇಕು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಹುಟ್ಟಿ, 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯೂ ಯೋಗವನ್ನು ಔಷಧದ ಜೊತೆಗಿನ ಅಂಗವಾಗಿ ಬೆಳೆಸಿಕೊಂಡಿತು. ಮನಸ್ಸಿನ ಕಾಯಿಲೆಗಳ ವಿಷಯವನ್ನು ಕನ್ನಡ ಓದುಗರ ಮುಂದಿಟ್ಟವರಲ್ಲಿ ಡಾ. ಎಂ. ಶಿವರಾಂ ಪ್ರಮುಖರು, ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆಯಿತು.

ಮನಸ್ಸು, ದೇಹಗಳ ಕೊಂಡಿಯನ್ನು ಸ್ಪಷ್ಟವಾಗಿ ವಿವರಿಸಿದ್ದು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್‌ನ 1986ರ ಲೇಖನ. ಅದರ ಪ್ರಕಾರ ಗಾಬರಿಯ ಹಠಾತ್ ದಾಳಿಯಲ್ಲಿ ರೋಗಿಯು ಸಾಮಾನ್ಯ ಎದೆಬಡಿತವನ್ನೋ ತಲೆಸುತ್ತನ್ನೋ ಸಾವಿನ ಮುನ್ಸೂಚನೆಯೆಂದು ತಪ್ಪಾಗಿ ಗ್ರಹಿಸುತ್ತಾನೆ, ಆ ಗ್ರಹಿಕೆಯಿಂದ ಭಯ ಏರುತ್ತದೆ, ಏರಿದ ಭಯದಿಂದ ಎದೆಬಡಿತ ಇನ್ನಷ್ಟು ತೀವ್ರವಾಗುತ್ತದೆ. ಹೀಗಾಗಿ, ಹೃದಯ ಮತ್ತು ಥೈರಾಯ್ಡ್ ದೋಷಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ರೋಗಿಯನ್ನು ಮೆಟ್ಟಿಲು ಹತ್ತಿಸಿ, ವೇಗವಾಗಿ ಉಸಿರಾಡಿಸಿ, ಅಂಜಿಕೆ ಹುಟ್ಟಿಸುವ ಅದೇ ಸಂವೇದನೆಗಳನ್ನು ಬೇಕೆಂದೇ ಬರಿಸಿ, ಅವು ಅಪಾಯಕಾರಿಯಲ್ಲವೆಂದು ದೇಹದಿಂದಲೇ ಕಲಿಸುವ ಕ್ರಮ ರೂಢಿಗೆ ಬಂದಿತು.

ಇತ್ತೀಚಿನ ತುಲನೆಗಳು ಉತ್ಸಾಹಕ್ಕೂ ಸಂಯಮಕ್ಕೂ ಎಡೆಕೊಡುತ್ತವೆ. ಸತತ ಆತಂಕವಿದ್ದ 226 ಜನರ ಮೇಲಿನ ಅಮೆರಿಕದ ಅಧ್ಯಯನವೊಂದರಲ್ಲಿ ಕುಂಡಲಿನಿ ಯೋಗದಿಂದ ಶೇ. 54ರಷ್ಟು, ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯಿಂದ ಶೇ. 71ರಷ್ಟು, ಕೇವಲ ಒತ್ತಡದ ಕುರಿತ ಪಾಠದಿಂದ ಶೇ. 33ರಷ್ಟು ಮಂದಿ ಗಮನಾರ್ಹ ಸುಧಾರಣೆ ಕಂಡರು. 276 ಜನರ ಇನ್ನೊಂದು ಅಧ್ಯಯನದಲ್ಲಿ, ಉಸಿರು ಮತ್ತು ದೇಹದ ಮೇಲೆ ಗಮನ ನಿಲ್ಲಿಸುವ ಎಂಟು ವಾರಗಳ ಧ್ಯಾನ ತರಬೇತಿಯು ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಗುಳಿಗೆಗೆ ಸಾಟಿಯಾಗಿ ನಿಂತಿತು.

ಉಸಿರಿನ ಪಾತ್ರದ ಬಗ್ಗೆ ಮಾತ್ರ ಜಗಳ ತೀರಿಲ್ಲ. 2000ರಲ್ಲಿ ನಾರ್ಮನ್ ಷ್ಮಿಟ್ ಮತ್ತು ಸಂಗಡಿಗರು, ಗಾಬರಿಯ ಚಿಕಿತ್ಸೆಗೆ ಉಸಿರಾಟದ ತರಬೇತಿಯನ್ನು ಸೇರಿಸಿದರೂ ಫಲ ಹೆಚ್ಚುವುದಿಲ್ಲವೆಂದು ವರದಿ ಮಾಡಿದರು; ದಾಳಿಯ ಹೊತ್ತಿನಲ್ಲಿ ದೀರ್ಘ ಉಸಿರಿಗೆ ಮೊರೆಹೋಗುವವನು ಅದಿಲ್ಲದಿದ್ದರೆ ಅನಾಹುತವಾಗುತ್ತಿತ್ತೆಂದು ನಂಬಿಕೊಳ್ಳುವನೆಂಬುದು ಈ ಪಕ್ಷದವರ ಆಕ್ಷೇಪ. ಯೋಗಶಾಲೆಗಳ ಅಭ್ಯಾಸವಾದರೋ ದಾಳಿಗೆ ಕಾಯದೆ ನಿತ್ಯ ಬೆಳಗಿನ ನಿಯತ ವೇಳೆಯಲ್ಲಿ ನಡೆಯುವಂಥದು, ಮತ್ತು ಈ ಎರಡು ಬಳಕೆಗಳನ್ನು ಬೇರ್ಪಡಿಸಿ ನೋಡದೆ ಉಸಿರಿನ ಗುಣದೋಷಗಳನ್ನು ತೂಗುವುದು ಎರಡೂ ಪಕ್ಷಗಳಿಗೆ ಅನ್ಯಾಯ.